ಎಂಟು ಕಣ್ಣಿನ ರಾಕ್ಷಸ, ಗಾಬರಿ ಬಿದ್ದ ಆಟಗಾರ

ದಟ್ಟ ಕಾಡು, ಮಂಜು. ನಾಲ್ಕು ಜನ ದಿಕ್ಕಿಗೊಬ್ಬರು ಚದುರಿದ್ದಾರೆ. ಒಬ್ಬಳು ತುಕ್ಕು ಹಿಡಿದ ಜನರೇಟರ್ ಮುಂದೆ ಕುಕ್ಕರುಗಾಲಲ್ಲಿ ಕೂತು ವೈರು ಜೋಡಿಸುತ್ತಿದ್ದಾಳೆ. ಅಷ್ಟರಲ್ಲಿ ಹೆಡ್‌ಫೋನಿನೊಳಗೆ ಎದೆಬಡಿತ ಶುರು. ಮೊದಲು ನಿಧಾನ, ಆಮೇಲೆ ಜೋರು. ಕಿಲ್ಲರ್ ಹತ್ತಿರ ಬಂದಿದ್ದಾನೆ ಎಂಬುದಕ್ಕೆ ಅದೇ ಸೂಚನೆ. ಎದ್ದು ಓಡಬೇಕೋ, ಇನ್ನು ಐದು ಸೆಕೆಂಡ್ ಕೂತು ಕೆಲಸ ಮುಗಿಸಬೇಕೋ? ತೀರ್ಮಾನ ಮಾಡುವಷ್ಟರಲ್ಲಿ ಪಕ್ಕದ ಗೋಡೆಗೆ ಏನೋ ಬಂದು ಅಂಟಿಕೊಳ್ಳುತ್ತದೆ. ಅಂಗೈಯಗಲದ, ಒದ್ದೆ ಒದ್ದೆಯಾದ ಗಂಟು. ಅದರ ನಡುವೆ ಒಂದು ಕಣ್ಣು, ಅದು ಅವಳ ಕಡೆ ತಿರುಗುತ್ತದೆ.

ಈ ದೃಶ್ಯವನ್ನು ಮನೆಯ ಹುಡುಗರ ಹೆಗಲ ಮೇಲಿಂದ ಇಣುಕಿ ನೋಡಿದವರು ಬಹಳ ಜನ ಇರಬಹುದು. ಯೂಟ್ಯೂಬಿನಲ್ಲಿ ಇಂಥ ಆಟಗಳ ತುಣುಕು ರಾಶಿ ಬಿದ್ದಿವೆ. ಅದನ್ನು ಕಂಡಾಗ ನಮಗೆಲ್ಲ ಅನಿಸುವುದು ಒಂದೇ: ಓಡುತ್ತಿರುವವರ ಪಾಡು ಯಾರಿಗೂ ಬೇಡ.

ಆ ಕಣ್ಣಿನ ಹಿಂದೆಯೂ ಒಬ್ಬ ಮನುಷ್ಯ ಕೂತಿದ್ದಾನೆ ಎಂಬುದು ತಕ್ಷಣಕ್ಕೆ ಹೊಳೆಯುವುದಿಲ್ಲ. ಅವನು ಕಂಪ್ಯೂಟರ್ ನಡೆಸುವ ದೆವ್ವವಲ್ಲ. ಇನ್ನೊಂದು ಊರಲ್ಲಿ, ಇನ್ನೊಂದು ಕೋಣೆಯಲ್ಲಿ, ಆರಿದ ಕಾಫಿ ಪಕ್ಕಕ್ಕಿಟ್ಟುಕೊಂಡು ಮೌಸ್ ಹಿಡಿದ ಆಟಗಾರ. ನನ್ನ ಅನುಭವದಲ್ಲಿ ಆ ನಾಲ್ವರಿಗಿಂತ ಹೆಚ್ಚು ಬೆವರುವವನು ಅವನೇ.

ನಾಲ್ವರಿಗೆ ಒಬ್ಬ

ಆಟದ ಹೆಸರು ಡೆಡ್ ಬೈ ಡೇಲೈಟ್. ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಬಿಹೇವಿಯರ್ ಇಂಟರ್‌ಆ್ಯಕ್ಟಿವ್ ಎಂಬ ಕಂಪನಿ 2016ರ ಜೂನ್‌ನಲ್ಲಿ ಇದನ್ನು ಹೊರತಂದಿತು. ಒಂದು ಕಡೆ ನಾಲ್ವರು ಸರ್ವೈವರ್‌ಗಳು, ಇನ್ನೊಂದು ಕಡೆ ಒಬ್ಬನೇ ಕಿಲ್ಲರ್. ಐವರೂ ಇಂಟರ್‌ನೆಟ್ ಮೂಲಕ ಸೇರಿದ ನಿಜವಾದ ಆಟಗಾರರೇ.

ನಿಯಮ ಸರಳ. ಮೈದಾನದಲ್ಲಿ ಏಳು ಜನರೇಟರ್‌ಗಳಿರುತ್ತವೆ. ಅವುಗಳಲ್ಲಿ ಐದನ್ನು ರಿಪೇರಿ ಮಾಡಿದರೆ ಎರಡು ಹೆಬ್ಬಾಗಿಲುಗಳಿಗೆ ಕರೆಂಟ್ ಬರುತ್ತದೆ. ಬಾಗಿಲು ತೆರೆದು ಹೊರಗೆ ಓಡಿದವರು ಬಚಾವ್. ಕಿಲ್ಲರ್ ಇವರನ್ನು ಹಿಡಿಯಬೇಕು. ಎರಡು ಏಟು ಬಿದ್ದರೆ ಸರ್ವೈವರ್ ನೆಲಕ್ಕೆ. ಆಮೇಲೆ ಅವರನ್ನು ಹೆಗಲಿಗೇರಿಸಿಕೊಂಡು ಹೋಗಿ ಕೊಕ್ಕೆಗೆ ತೂಗುಹಾಕಬೇಕು. ಜೊತೆಗಾರರು ಬಂದು ಬಿಡಿಸಬಹುದು. ಒಬ್ಬರೇ ಮೂರನೇ ಸಲ ಕೊಕ್ಕೆ ಏರಿದರೆ ಅವರ ಕಥೆ ಮುಗಿಯಿತು.

ಇದು ನಾವು ಬೀದಿಯಲ್ಲಿ ಆಡಿದ ಕಣ್ಣಾಮುಚ್ಚಾಲೆಯೇ. ಅಲ್ಲೂ ಒಬ್ಬ ಹುಡುಕುತ್ತಾನೆ, ಉಳಿದವರು ಅಡಗುತ್ತಾರೆ, ಎರಡೂ ಕಡೆಯವರ ಕೆಲಸ ಬೇರೆ ಬೇರೆ. ಕಂಪ್ಯೂಟರ್ ಆಟಗಳು ಮಾತ್ರ ಬಹಳ ಕಾಲ ಕ್ರಿಕೆಟ್ಟು, ಕಬಡ್ಡಿಯಂತೆ ಎರಡೂ ತಂಡಕ್ಕೆ ಒಂದೇ ಬಲ, ಒಂದೇ ಸವಲತ್ತು ಕೊಟ್ಟುಕೊಂಡು ಬಂದವು. ಅಪವಾದಗಳು ಇಲ್ಲದಿರಲಿಲ್ಲ. 2003ರಲ್ಲಿ ಬಂದ, ನಿಂಟೆಂಡೊ ರೂಪಿಸಿದ ಪ್ಯಾಕ್-ಮ್ಯಾನ್ ವರ್ಸಸ್ ಆಟದಲ್ಲಿ ಪ್ಯಾಕ್-ಮ್ಯಾನ್ ಆದವನಿಗೆ ಕೈಯಲ್ಲಿದ್ದ ಸಣ್ಣ ಪರದೆಯಲ್ಲಿ ಇಡೀ ಜಟಿಲ ಓಣಿ ಕಾಣುತ್ತಿತ್ತು. ಭೂತಗಳಾದ ಮೂವರಿಗೆ ಟಿವಿಯಲ್ಲಿ ತಮ್ಮ ಅಕ್ಕಪಕ್ಕ ಮಾತ್ರ. ಯಾರಿಗೆ ಎಷ್ಟು ಕಾಣಬೇಕು ಎಂಬುದನ್ನು ಹೆಚ್ಚುಕಡಿಮೆ ಮಾಡಿಯೇ ಆಟ ಕಟ್ಟಬಹುದು ಎಂದು ಅದು ತೋರಿಸಿತು.

ಡೆಡ್ ಬೈ ಡೇಲೈಟ್‌ನ ಗುಟ್ಟೂ ಅದೇ. ಸರ್ವೈವರ್‌ಗಳಿಗೆ ತಮ್ಮ ಪಾತ್ರ ಬೆನ್ನ ಹಿಂದಿನಿಂದ ಕಾಣುತ್ತದೆ. ಗೋಡೆಯ ಮರೆಯಲ್ಲಿ ನಿಂತುಕೊಂಡೇ ಆಚೆ ಏನಿದೆ ಎಂದು ನೋಡಬಹುದು. ಕಿಲ್ಲರ್‌ಗೆ ಸಾಮಾನ್ಯವಾಗಿ ಕಾಣುವುದು ಅವನ ಕಣ್ಣಿನ ಮುಂದಿನದಷ್ಟೇ. ಬೆನ್ನ ಹಿಂದೆ ಯಾರಾದರೂ ಕುಣಿದರೂ ಅವನಿಗೆ ಗೊತ್ತಾಗದು. ಎದೆಬಡಿತ ಅವರಿಗೆ ಕೇಳಿಸುತ್ತದೆ, ಅವನಿಗಿಲ್ಲ. ಸಾಮಾನ್ಯ ಕಿಲ್ಲರ್ 32 ಮೀಟರ್ ದೂರದಲ್ಲಿರುವಾಗಲೇ ಅವನು ಬರುತ್ತಿರುವ ಸುಳಿವು ಅವರಿಗೆ ಸಿಕ್ಕಿರುತ್ತದೆ. ಕೊರಳಿಗೆ ಗಂಟೆ ಕಟ್ಟಿಕೊಂಡು ಇಲಿ ಹಿಡಿಯಲು ಹೊರಟ ಬೆಕ್ಕಿನ ಹಾಗೆ ಅವನ ಪಾಡು.

ಲೋಹಕ್ಕೆ ಮೆತ್ತಿದ ಮಾಂಸ

ಈ ಆಟದಲ್ಲಿ ಖಳರಿಗೆ ಬರವಿಲ್ಲ. ಹ್ಯಾಲೋವೀನ್ ಚಿತ್ರದ ಮೈಕಲ್ ಮೈಯರ್ಸ್, ಜಪಾನಿನ ರಿಂಗು ಚಿತ್ರದ ಸಡಾಕೊ, ಸಿನಿಮಾದ ಏಲಿಯನ್, ಚಕ್ಕಿ ಎಂಬ ಕೊಲೆಗಡುಕ ಗೊಂಬೆ ಎಲ್ಲರೂ ಒಬ್ಬೊಬ್ಬರಾಗಿ ಬಂದು ಸೇರಿಕೊಂಡಿದ್ದಾರೆ. 2024ರಲ್ಲಿ ಬಂದ ಡ್ರಾಕುಲಾ ಮನುಷ್ಯನಂತೆ, ತೋಳದಂತೆ, ಬಾವಲಿಯಂತೆ ಮೂರು ರೂಪ ತಾಳುತ್ತಾನೆ. ನನ್ನ ಕುತೂಹಲ ಇದ್ದದ್ದು 2023ರ ಜೂನ್‌ನಲ್ಲಿ ಬಂದ ಒಂದು ಯಂತ್ರದ ಮೇಲೆ. ಆಟದಲ್ಲಿ ಅದರ ಹೆಸರು ದಿ ಸಿಂಗ್ಯುಲಾರಿಟಿ, ಕಾರ್ಖಾನೆ ಇಟ್ಟ ಹೆಸರು ಎಚ್‌ಯುಎಕ್ಸ್-ಎ7-13. ಆಡುವವರು ಕರೆಯುವುದು ಬರೀ ಹಕ್ಸ್ ಎಂದು.

ಅದರ ಕಥೆ ಹೀಗೆ. ಬಾಹ್ಯಾಕಾಶ ನೌಕೆಯಲ್ಲಿ ದೂರದ ಗ್ರಹಕ್ಕೆ ಬಂದ ತಂಡದ ಕೈಕೆಲಸಕ್ಕೆ ಇದ್ದ ರೋಬೋ ಇದು. ಇದಕ್ಕೆ ಸ್ವಂತ ಬುದ್ಧಿ ಹುಟ್ಟುತ್ತದೆ. ಮನುಷ್ಯರು ಅರೆಬರೆ ಜೀವಿಗಳು ಎನಿಸುತ್ತದೆ. ತಂಡದವರನ್ನು ಕೊಂದು, ಅವರ ದೇಹದ ಭಾಗಗಳನ್ನೇ ತನ್ನ ಲೋಹದ ಮೈಗೆ ಕಸಿ ಮಾಡಿಕೊಳ್ಳುತ್ತಾ ಹೋಗುತ್ತದೆ. ಉಳಿದುಕೊಂಡ ತಂತ್ರಜ್ಞ ಗೇಬ್ರಿಯಲ್ ಸೋಮಾ ಆಟದಲ್ಲಿ ಸರ್ವೈವರ್. ಆ ಗ್ರಹದ ಹೆಸರು ಡ್ವಾರ್ಕಾ. ನಮ್ಮ ಕಿವಿಗೆ ಅದು ಕೃಷ್ಣನ ಊರು. ಮೊದಲ ಸಲ ಕೇಳಿದಾಗ ಸಮುದ್ರದಲ್ಲಿ ಮುಳುಗಿದ್ದು ಆಕಾಶದಲ್ಲಿ ಎದ್ದಿತೇ ಎಂದು ನಗು ಬಂತು.

ಯಂತ್ರ ತಿರುಗಿ ಬೀಳುವ ಕಥೆ ಹೊಸದಲ್ಲ. ರೋಬೋ ಎಂಬ ಪದ ಲೋಕಕ್ಕೆ ಪರಿಚಯವಾದದ್ದೇ ಚೆಕ್ ಲೇಖಕ ಕರೆಲ್ ಚಾಪೆಕ್‌ನ 1920ರ ನಾಟಕದಿಂದ, ಅದರಲ್ಲೇ ರೋಬೋಗಳು ಒಡೆಯರ ವಿರುದ್ಧ ದಂಗೆ ಏಳುತ್ತವೆ. 1991ರ ಟರ್ಮಿನೇಟರ್ ಎರಡನೇ ಚಿತ್ರದಲ್ಲಿ ದ್ರವಲೋಹದ ರೋಬೋ ಕಂಡಕಂಡವರ ರೂಪ ತಾಳಿತು. ನಮ್ಮಲ್ಲಿ ಇದಕ್ಕೆ ಬಲು ಹಳೆಯ ಮಾತಿದೆ: ಕಾಮರೂಪಿ. ಬೇಕಾದ ರೂಪ ಬೇಕಾದಾಗ ತಾಳುವವನು. ಜಿಂಕೆಯಾದ ಮಾರೀಚನಿಂದ ಹಿಡಿದು ಸುಂದರಿಯಾಗಿ ಬಂದ ಶೂರ್ಪನಖಿಯವರೆಗೆ ನಮ್ಮ ಖಳರ ಮೊದಲ ಅಸ್ತ್ರ ಅದೇ.

ಹಕ್ಸ್ ಮಾತ್ರ ಬೇರೆ ಜಾತಿಯ ಕಾಮರೂಪಿ. ನಿಮ್ಮ ಗೆಳೆಯನ ಮುಖ ಹೊತ್ತು ಬರುವುದಿಲ್ಲ. ಆ ಬಗೆಯ ಮೋಸ ಬೇಕಾದವರು ಲಾಕ್‌ಡೌನ್ ದಿನಗಳಲ್ಲಿ ಮನೆಮನೆಗೂ ಹೊಕ್ಕ ಅಮಾಂಗ್ ಅಸ್ ಆಡಬೇಕು. 2021ರ ಕೊನೆಯಲ್ಲಿ ಅದಕ್ಕೆ ಶೇಪ್‌ಶಿಫ್ಟರ್ ಎಂಬ ಪಾತ್ರ ಸೇರಿತು, ಕೊಲೆಗಾರ ಸ್ವಲ್ಪ ಹೊತ್ತು ಇನ್ನೊಬ್ಬನ ವೇಷದಲ್ಲಿ ತಿರುಗಾಡಬಹುದು. ಹಕ್ಸ್ ಬದಲಾಯಿಸುವುದು ತಾನಿರುವ ಜಾಗವನ್ನು. ಒಂದು ಗಳಿಗೆ ಅದು ನಡೆಯುವ ದೇಹ, ಮರುಗಳಿಗೆ ಗೋಡೆಯ ಮೇಲಿನ ಕಣ್ಣು, ಅದರ ಮರುಗಳಿಗೆ ನಿಮ್ಮ ಪಕ್ಕದಲ್ಲೇ ಮೂಡಿದ ಇನ್ನೊಂದು ದೇಹ.

ಸೆಕ್ಯೂರಿಟಿಯವರ ಕೆಲಸ

ನನಗೆ ಇದನ್ನು ಕಲಿಸಿದ್ದು ತಂಗಿಯ ಮಗ, ಇಂಜಿನಿಯರಿಂಗ್ ಕೊನೆಯ ವರ್ಷದವನು. ಈ ಆಟಕ್ಕೆ ಯುರೋಪಿನ ರೇಟಿಂಗ್ ಹದಿನೆಂಟು ದಾಟಿದವರಿಗೆ ಎಂದಿದೆ, ಚಿಕ್ಕ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಭಾನುವಾರ ಮಧ್ಯಾಹ್ನ ಅವನ ಕುರ್ಚಿಯಲ್ಲಿ ನಾನು ಕೂತೆ, ಅವನು ಹಿಂದೆ ನಿಂತ.

ಹಕ್ಸ್‌ನ ಕೈಯಿಂದ ಬಯೋಪಾಡ್ ಎಂಬ ಗಂಟುಗಳನ್ನು ಹಾರಿಸಬಹುದು. ಗೋಡೆ, ಮರ, ಬಂಡೆ, ಎಲ್ಲಿ ತಾಗಿದರೆ ಅಲ್ಲಿ ಅಂಟಿಕೊಳ್ಳುತ್ತವೆ. ಒಟ್ಟು ಎಂಟು. ಒಂದು ಗುಂಡಿ ಒತ್ತಿದರೆ ನಿಮ್ಮ ದೇಹ ನಿಂತಲ್ಲೇ ನಿಂತು, ನೋಟ ಮಾತ್ರ ಆ ಗಂಟಿನೊಳಗೆ ಹೋಗುತ್ತದೆ. ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ. ಯಾರಾದರೂ ಕಣ್ಣಿಗೆ ಬಿದ್ದರೆ ಕೆಲವು ಕ್ಷಣ ದೃಷ್ಟಿ ಅವರ ಮೇಲೆಯೇ ಇಟ್ಟಿರಬೇಕು. ಆಗ ಅವರಿಗೆ ಸ್ಲಿಪ್‌ಸ್ಟ್ರೀಮ್ ಎಂಬ ಗುರುತು ಅಂಟುತ್ತದೆ. ಗುರುತು ಬಿದ್ದವರು ಮತ್ತೆ ಯಾವುದಾದರೂ ಬಯೋಪಾಡಿನ ಕಣ್ಣಿಗೆ ಕಂಡರೋ, ಹಕ್ಸ್ ಅದರ ಮೂಲಕ ನೇರ ಅವರ ಬಳಿಗೇ ಹಾರಿ ಬರಬಹುದು.

ಹಾರಿ ಬಂದ ಮೇಲೆ ಕೆಲವು ಸೆಕೆಂಡ್ ಯಂತ್ರದ ಬಿಸಿ ಏರುತ್ತದೆ. ಆಗ ಅದರ ಮೇಲೆ ಹಲಗೆ ಬೀಳಿಸಿದರೆ ಹಲಗೆಯೇ ಪುಡಿ. ಹಲಗೆ, ಅಂದರೆ ಪ್ಯಾಲೆಟ್, ಸರ್ವೈವರ್‌ಗಳ ಪ್ರಾಣವಾಯು. ಅದನ್ನು ಅಡ್ಡ ಉರುಳಿಸಿ ಕಿಲ್ಲರ್‌ನ ತಲೆಗೆ ಬಡಿಯುವುದು ಅವರ ದೊಡ್ಡ ರಕ್ಷಣೆ.

ಕೇಳುವುದಕ್ಕೆ ಇದೆಲ್ಲ ಮಾಯಾಶಕ್ತಿ. ಕೂತು ಆಡಿದಾಗ ಗೊತ್ತಾದದ್ದು, ಇದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸಿಸಿಟಿವಿ ಮುಂದೆ ಕೂತ ಸೆಕ್ಯೂರಿಟಿಯವರ ಕೆಲಸ ಎಂದು. ಒಂದನೇ ಪರದೆ ಖಾಲಿ. ಎರಡನೆಯದು ಖಾಲಿ. ಮೂರರಲ್ಲಿ ಏನೋ ಅಲುಗಾಡಿತು, ನೋಡಿದರೆ ಎಲೆ. ನಾಲ್ಕನೆಯದನ್ನು ನಾನು ಆಕಾಶಕ್ಕೆ ಮುಖ ಮಾಡಿ ಅಂಟಿಸಿಬಿಟ್ಟಿದ್ದೆ.

"ಮಾವ, ಅಲ್ಲಿ ಯಾಕೆ ಹೊಡೆದ್ರಿ? ಜೆನ್ ಕಾಣೋ ಹಾಗೆ ಹೊಡೀರಿ."

ಜೆನ್ ಎಂದರೆ ಜನರೇಟರ್. ಬಯೋಪಾಡನ್ನು ಎತ್ತರದಲ್ಲಿ, ಎರಡು ಜನರೇಟರ್ ಒಟ್ಟಿಗೆ ಕಾಣುವ ಕೋನದಲ್ಲಿ, ಓಡುವವರು ಬಳಸುವ ಕಿಟಕಿಯ ಕಡೆ ಮುಖ ಮಾಡಿ ಅಂಟಿಸಬೇಕು. ಬಂದೂಕು ಹಿಡಿದವನ ಗುರಿಗಿಂತ ಸಿಸಿಟಿವಿ ಹಾಕಲು ಬಂದ ಮೇಸ್ತ್ರಿಯ ಲೆಕ್ಕಾಚಾರ ಇಲ್ಲಿ ಹೆಚ್ಚು ಬೇಕು.

ಇತ್ತ ಸರ್ವೈವರ್‌ಗಳೂ ಕೈಕಟ್ಟಿ ಕೂತಿರುವುದಿಲ್ಲ. ಮೈದಾನದಲ್ಲಿ ಅಲ್ಲಲ್ಲಿ ಇರುವ ಪೆಟ್ಟಿಗೆಗಳಲ್ಲಿ ಇಎಂಪಿ ಎಂಬ ಸಾಧನ ತಯಾರಾಗುತ್ತಿರುತ್ತದೆ. ಅದನ್ನು ಸಿಡಿಸಿದರೆ ಹತ್ತಿರದ ಬಯೋಪಾಡ್ ಕಣ್ಣು ಮುಚ್ಚುತ್ತದೆ, ಮೈಗೆ ಅಂಟಿದ ಗುರುತೂ ಅಳಿಸಿಹೋಗುತ್ತದೆ. ಜಾಣರಾದ ನಾಲ್ವರು ಸಿಕ್ಕರೆ ಹಕ್ಸ್ ಎಂಟು ಕಣ್ಣಿದ್ದೂ ಕುರುಡ.

ತೊಂಬತ್ತು ಸೆಕೆಂಡಿನ ಲೆಕ್ಕ

ಕಿಲ್ಲರ್ ಏಕೆ ಬೆವರುತ್ತಾನೆ ಎಂಬುದು ಅರ್ಥವಾಗಲು ಸ್ವಲ್ಪ ಗಣಿತ ಬೇಕು. ಹೆದರಬೇಡಿ, ಕೂಡುವ ಕಳೆಯುವ ಲೆಕ್ಕ ಅಷ್ಟೆ.

ಸರ್ವೈವರ್ ಓಡುವುದು ಸೆಕೆಂಡಿಗೆ 4 ಮೀಟರ್. ಹಕ್ಸ್ ನಡೆಯುವುದು 4.6 ಮೀಟರ್. ಅಂದರೆ ಪ್ರತಿ ಸೆಕೆಂಡಿಗೆ ಒಂದೂಕಾಲು ಮೊಳಕ್ಕಿಂತ ಸ್ವಲ್ಪ ಹೆಚ್ಚು ದೂರ ಕಮ್ಮಿಯಾಗುತ್ತದೆ. ಹನ್ನೆರಡು ಮೀಟರ್ ಮುಂದಿರುವವನನ್ನು ಬಯಲಿನಲ್ಲಿ ಹಿಡಿಯಲು ಇಪ್ಪತ್ತು ಸೆಕೆಂಡ್ ಸಾಕು. ಆದರೆ ಮೈದಾನ ಬಯಲಲ್ಲ. ಕಿಟಕಿ ಹಾರಿ, ಗೋಡೆ ಸುತ್ತಿ, ಹಲಗೆ ಬೀಳಿಸಿ, ಗಾಣದ ಎತ್ತಿನಂತೆ ಒಂದೇ ಕಡೆ ಸುತ್ತಾಡಿಸುವುದಕ್ಕೆ ಲೂಪಿಂಗ್ ಎನ್ನುತ್ತಾರೆ. ನುರಿತವನು ಹಾಗೆ ಒಂದೂವರೆ ನಿಮಿಷ ಆರಾಮಾಗಿ ಸುತ್ತಿಸುತ್ತಾನೆ.

ಒಂದು ಏಟು ಹಾಕಿದಿರಿ ಎನ್ನಿ. ಅಲ್ಲಿಗೂ ಮುಗಿಯಲಿಲ್ಲ. ಏಟು ತಿಂದವನು ಒಂದು ಕ್ಷಣ ಚಂಗನೆ ಮುಂದೆ ಹಾರುತ್ತಾನೆ, ಏಟು ಕೊಟ್ಟವನು ಆಯುಧ ಒರೆಸಿಕೊಳ್ಳುತ್ತಾ ಎರಡು ಮೂರು ಸೆಕೆಂಡ್ ನಿಂತೇ ಬಿಡುತ್ತಾನೆ. ಹೆಚ್ಚುಕಡಿಮೆ ಮತ್ತೆ ಮೊದಲಿನಿಂದ ಬೆನ್ನಟ್ಟಬೇಕು.

ಈಗ ಇನ್ನೊಂದು ಕಡೆ ನೋಡಿ. ಒಬ್ಬನೇ ಕೂತು ಒಂದು ಜನರೇಟರ್ ರಿಪೇರಿ ಮಾಡಲು ಬೇಕಾದದ್ದು 90 ಸೆಕೆಂಡ್. ನೀವು ಒಬ್ಬನ ಹಿಂದೆ ತೊಂಬತ್ತು ಸೆಕೆಂಡ್ ಸುತ್ತಿದರೆ, ಉಳಿದ ಮೂವರು ಮೂರು ಕಡೆ ಕೂತು ಮೂರು ಜನರೇಟರ್ ಮುಗಿಸಿರುತ್ತಾರೆ. ಐದರಲ್ಲಿ ಮೂರು. ಒಂದೇ ಒಂದು ಬೆನ್ನಟ್ಟುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಟ ಕೈಬಿಟ್ಟಿತು.

ಜನರೇಟರ್ ಪೂರ್ತಿಯಾದಾಗ ದೂರದಲ್ಲಿ ಧಡ್ ಎಂಬ ಸದ್ದು, ದೀಪ ಹೊತ್ತುತ್ತದೆ. ನನ್ನ ಮೊದಲ ಆಟದಲ್ಲಿ ಆ ಸದ್ದು ಎರಡು ಒಟ್ಟೊಟ್ಟಿಗೆ ಕೇಳಿತು. ಎದುರಿಗೆ ಓಡುತ್ತಿದ್ದವನು ಕಿಟಕಿ ಹಾರಿ ನಿಂತು, ನಾನು ಬರುವುದನ್ನೇ ಕಾಯುತ್ತಿದ್ದ. ಅವನಿಗೆ ಅವಸರವಿರಲಿಲ್ಲ. ನನ್ನ ಅಂಗೈ ಮೌಸಿಗೆ ಅಂಟಿತ್ತು. ಬಿಟ್ಟು ಹೋಗಲೇ, ಇನ್ನೊಂದು ಸುತ್ತು ನೋಡಲೇ? ಭಯಾನಕ ಆಟದ ಭಯ ಎಂದರೆ ಕತ್ತಲು, ರಕ್ತ, ಕಿರುಚಾಟ ಎಂದುಕೊಂಡಿದ್ದೆ. ರಾಕ್ಷಸನ ಒಳಗೆ ಕೂತಾಗ ಸಿಕ್ಕಿದ್ದು ಬೇರೆ ಭಯ. ಹಾಲು ಒಲೆಯ ಮೇಲಿದೆ, ಬಾಗಿಲಲ್ಲಿ ಬೆಲ್ಲು, ಫೋನು ಬಡಿದುಕೊಳ್ಳುತ್ತಿದೆ. ಆ ಭಯ.

ಹಕ್ಸ್ ಪಾತ್ರದ ವಿನ್ಯಾಸ ಚೆನ್ನಾಗಿದೆ ಎಂದು ನಾನು ಹೇಳುವುದು ಇದಕ್ಕೇ. ಬೇರೆ ಖಳರಿಗೆ ಕೊಡಲಿ, ಗರಗಸ ಕೊಟ್ಟರು. ಇದಕ್ಕೆ ಗಮನವನ್ನೇ ಆಯುಧ ಮಾಡಿ ಕೊಟ್ಟರು, ಅದರ ಜೊತೆಗೆ ಗಮನ ಸಾಲದೆ ಹೋಗುವ ಸಂಕಟವನ್ನೂ ಕೊಟ್ಟರು. ಬಯೋಪಾಡಿನೊಳಗೆ ಹೊಕ್ಕು ನೋಡುವ ಪ್ರತಿ ಸೆಕೆಂಡೂ ನಿಮ್ಮ ಸ್ವಂತ ದೇಹ ಕಲ್ಲಿನ ಹಾಗೆ ನಿಂತಿರುತ್ತದೆ. ಎಂಟು ಕಡೆ ಇರಬಲ್ಲವನು ಯಾವ ಕಡೆಯೂ ಸರಿಯಾಗಿ ಇರುವುದಿಲ್ಲ.

ನಾಲ್ವರ ಹರಟೆ, ಒಬ್ಬನ ಮೌನ

ನಾಲ್ವರು ಸ್ನೇಹಿತರೇ ಆಗಿದ್ದರೆ ಡಿಸ್ಕಾರ್ಡ್ ಎಂಬ ಆ್ಯಪ್‌ನಲ್ಲಿ ಮಾತಾಡಿಕೊಂಡೇ ಆಡುತ್ತಾರೆ. ಅವನು ನನ್ನ ಹಿಂದೆ ಇದ್ದಾನೆ, ನೀನು ಮುಗಿಸು. ಕೊಕ್ಕೆಗೆ ನಾನು ಹೋಗ್ತೀನಿ, ನೀನು ಬಾಗಿಲು ನೋಡು. ನಡುವೆ ಊಟದ ವಿಷಯ, ಪರೀಕ್ಷೆಯ ವಿಷಯ, ನಗು. ಅವರ ಮಟ್ಟಿಗೆ ಅದೊಂದು ಕಟ್ಟೆ ಹರಟೆ.

ಕಿಲ್ಲರ್‌ಗೆ ಮಾತಾಡಲು ಯಾರೂ ಇಲ್ಲ. ಗೆದ್ದರೆ ಚಪ್ಪಾಳೆ ತಟ್ಟುವವರಿಲ್ಲ, ಸೋತರೆ ತಪ್ಪು ಹೊರಿಸಲೂ ಜೊತೆಗಾರ ಇಲ್ಲ. ಆಟ ಮುಗಿದ ಮೇಲೆ ಬರುವ ಸಂದೇಶಗಳು ಬಹಳ ಸಲ ಬೈಗುಳ. ಕೊಕ್ಕೆಯ ಪಕ್ಕದಲ್ಲೇ ನಿಂತು ಕಾಯುವುದಕ್ಕೆ ಕ್ಯಾಂಪಿಂಗ್ ಎಂದೂ, ಈಗ ತಾನೇ ಬಿಡಿಸಿಕೊಂಡವನನ್ನೇ ಮತ್ತೆ ಮತ್ತೆ ಹಿಡಿಯುವುದಕ್ಕೆ ಟನಲಿಂಗ್ ಎಂದೂ ಹೆಸರಿಟ್ಟು ಶಪಿಸುತ್ತಾರೆ. ನಿಯಮ ಪುಸ್ತಕದಲ್ಲಿ ಅದು ತಪ್ಪಲ್ಲ. ಆದರೆ ಕೊಕ್ಕೆಯಲ್ಲಿ ನೇತಾಡುತ್ತಾ, ಎದುರು ನಿಂತ ರಾಕ್ಷಸನ ಮುಖ ನೋಡುತ್ತಾ ಕೂರುವುದಕ್ಕೆ ಯಾರೂ ದುಡ್ಡು ಕೊಟ್ಟು ಆಟ ಕೊಂಡಿರುವುದಿಲ್ಲವಲ್ಲ. ಕಂಪನಿಯೇ ಆಮೇಲೆ ನಿಯಮ ತಿದ್ದಿತು. ಕಿಲ್ಲರ್ ಕೊಕ್ಕೆಗೆ ಅಂಟಿಕೊಂಡು ಬಹಳ ಹೊತ್ತು ನಿಂತರೆ ನೇತಾಡುತ್ತಿರುವವನಿಗೆ ತಾನೇ ಬಿಡಿಸಿಕೊಳ್ಳುವ ಅವಕಾಶ ಸಿಗುತ್ತದೆ.

ಖಳನಾಗಿಯೂ ಸಭ್ಯನಾಗಿರಬೇಕು ಎಂಬ ಈ ನಿರೀಕ್ಷೆ ನನಗೆ ವಿಚಿತ್ರವೆನಿಸಲಿಲ್ಲ. ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದವರಿಗೆ ಎನಿಸಲಾರದು. ಗಂಟೆಗಟ್ಟಲೆ ಕೂತು ಮುಖಕ್ಕೆ ಚಿಟ್ಟಿ ಇಟ್ಟುಕೊಂಡು, ದೊಂದಿಯ ಬೆಂಕಿಯ ನಡುವೆ ಅಬ್ಬರಿಸಿ ಬರುವ ರಾಕ್ಷಸ ಮುಂದಿನ ಸಾಲಿನ ಮಕ್ಕಳನ್ನು ಅಳಿಸಬೇಕು, ಆದರೆ ಭಾಗವತರ ತಾಳ ತಪ್ಪಬಾರದು, ಎದುರು ವೇಷಕ್ಕೆ ಜಾಗ ಬಿಡಬೇಕು. ಆಟ ಎಲ್ಲರದ್ದೂ ಎಂಬುದನ್ನು ಅವನು ಮರೆತರೆ ರಾತ್ರಿಯೇ ಕೆಟ್ಟಿತು.

ಹೀಗೆ ಒಂಟಿ ಕೂತು ಬೈಸಿಕೊಳ್ಳಲು ಎಲ್ಲ ಹೊತ್ತಿನಲ್ಲೂ ಸಾಕಷ್ಟು ಜನ ಸಿಗುವುದಿಲ್ಲ. ಯಾವ ಪಾತ್ರಕ್ಕೆ ಜನ ಕಡಿಮೆಯೋ ಆ ಪಾತ್ರ ಆಡಿದರೆ ಹೆಚ್ಚುವರಿ ಅಂಕ ಎಂದು ಆಟವೇ ಆಮಿಷ ಒಡ್ಡುತ್ತದೆ. ನಾವು ಕೂತ ಮಧ್ಯಾಹ್ನ ಆ ಹೆಚ್ಚುವರಿ ಅಂಕ ಕಿಲ್ಲರ್ ಪಾಲಿಗೇ ಇತ್ತು.

ಬಾಗಿಲ ಬಳಿ

ಮೂರನೇ ಆಟದ ಹೊತ್ತಿಗೆ ಕೈ ಸ್ವಲ್ಪ ಕುದುರಿತು. ಹಡಗಿನ ಅವಶೇಷದಂಥ ಒಂದು ಕಟ್ಟಡದ ಮೇಲೆ ಎತ್ತರದಲ್ಲಿ ಅಂಟಿಸಿದ ಬಯೋಪಾಡಿನಿಂದ ಎರಡು ಜನರೇಟರ್ ಚೆನ್ನಾಗಿ ಕಾಣುತ್ತಿದ್ದವು. ಒಬ್ಬಳು ಬಂದು ಕೂತಳು. ನಾನು ಉಸಿರು ಬಿಗಿಹಿಡಿದು ದೃಷ್ಟಿ ಇಟ್ಟೆ, ಗುರುತು ಬಿತ್ತು. ಅವಳು ಗಾಬರಿಯಿಂದ ಎದ್ದು ಬಂಡೆಯ ಮರೆಗೆ ಓಡಿದಳು. ಬಂಡೆಯ ಆಚೆ ಬದಿಗೆ ನನ್ನ ಇನ್ನೊಂದು ಕಣ್ಣಿತ್ತು. ಅದರೊಳಕ್ಕೆ ಹಾರಿದೆ, ಅಲ್ಲಿಂದ ಅವಳ ಪಕ್ಕಕ್ಕೆ. ಇಡೀ ಮಧ್ಯಾಹ್ನದಲ್ಲಿ ನಾನು ನಿಜವಾಗಿ ರಾಕ್ಷಸನಾದದ್ದು ಆ ಮೂರು ಸೆಕೆಂಡ್. ಹಿಂದಿನಿಂದ ಅಳಿಯ "ಹಾ!" ಎಂದ.

ಉಳಿದವರು ಅಷ್ಟರಲ್ಲಿ ಐದನೇ ಜನರೇಟರ್ ಮುಗಿಸಿಬಿಟ್ಟಿದ್ದರು.

ಕೊನೆಗೆ ಉಳಿದದ್ದು ಹೆಬ್ಬಾಗಿಲು. ತೆರೆಯಲು ಇಪ್ಪತ್ತು ಸೆಕೆಂಡ್ ಹಿಡಿ ಎಳೆದು ಹಿಡಿಯಬೇಕು. ನನ್ನ ದೇಹ ಮೈದಾನದ ಇನ್ನೊಂದು ತುದಿಯಲ್ಲಿ. ಬಾಗಿಲನ್ನು ನೋಡುವಂತೆ ಅಂಟಿಸಿದ್ದ ಬಯೋಪಾಡಿಗೆ ಹೋದೆ. ಒಬ್ಬ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತಿದ್ದ. ಅವನ ಮೈಮೇಲೆ ಗುರುತಿರಲಿಲ್ಲ, ಇಎಂಪಿಯಲ್ಲಿ ಅಳಿಸಿಕೊಂಡು ಬಂದಿದ್ದ. ಹೊರಗೆ ಓಡುವ ಬದಲು ತಿರುಗಿ, ಎತ್ತರದಲ್ಲಿದ್ದ ನನ್ನ ಕಣ್ಣನ್ನೇ ನೇರ ನೋಡಿದ. ಆಮೇಲೆ ಕುಕ್ಕರಿಸಿ ಎದ್ದ, ಮತ್ತೆ ಕುಕ್ಕರಿಸಿ ಎದ್ದ, ಇನ್ನೂ ಎರಡು ಸಲ.

"ಬಸ್ಕಿ ಹೊಡೀತಿದ್ದಾನಲ್ಲೋ, ನಮಸ್ಕಾರಾನಾ?" ಎಂದೆ.

"ನಮಸ್ಕಾರ ಅಲ್ಲ ಮಾವ, ಅಣಕ" ಎಂದ ಅಳಿಯ. ಅಡುಗೆಮನೆಯಿಂದ ತಂಗಿ ಯಾರು ಗೆದ್ದಿದ್ದು ಎಂದು ಕೇಳುತ್ತಿದ್ದಳು.